ಅಲ್ಪಪ್ರಮಾಣದ ವಿಕಿರಣ: ಒಂದು ವಿವಾದದ ವಿವೇಚನೆ

ಉತ್ತರ ಕನ್ನಡ ಜಿಲ್ಲೆಯ ಕಾಳೀ ನದೀತೀರದ ಕೈಗಾ ಅಣುವಿದ್ಯುತ್ ಕೇಂದ್ರದ ಮೊದಲ ಎರಡು ಘಟಕಗಳು 2000ದಲ್ಲಿ ಕಾರ್ಯಾರಂಭ ಮಾಡಿದವು. ಅದಕ್ಕೆ ಬಹು ಮುಂಚೆಯೇ, 1989ರ ಲೋಕಸಭಾ ಚುನಾವಣೆಯಲ್ಲಿ, ಶಿವರಾಮ ಕಾರಂತರು ಆ ಯೋಜನೆಯನ್ನು ವಿರೋಧಿಸಿ ಅದೇ ಜಿಲ್ಲೆಯಿಂದ ಸ್ಪರ್ಧಿಸಿದ್ದರು. ಇಂತಹ ಯೋಜನೆಗಳ ಸಂಬಂಧದಲ್ಲಿ ಏಳುವ ಪ್ರಶ್ನೆಗಳಲ್ಲಿ ಒಂದು ಇಂದಿಗೂ ಬಗೆಹರಿದಿಲ್ಲ. ಅತ್ಯಲ್ಪ ವಿಕಿರಣವೂ ದೇಹಕ್ಕೆ ಹಾನಿಕರವೇ ಎಂಬುದೇ ಆ ಪ್ರಶ್ನೆ.

ವಿಕಿರಣದ ಪರಿಣಾಮವನ್ನು ಮಿಲಿಸೀವರ್ಟ್ ಎಂಬ ಮಾನದಿಂದ ಗಣಿಸುವರು. ನೆಲ, ಗಾಳಿ, ಆಹಾರ, ಆಕಾಶಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಹಜವಾಗಿಯೇ ಒದಗುತ್ತದೆ. 100ಕ್ಕಿಂತ ಕೆಳಗಿನದನ್ನು ಅಲ್ಪಪ್ರಮಾಣವೆಂದು ಕರೆಯುವುದು ವಾಡಿಕೆ. 1945ರ ಅಣುಬಾಂಬಿನಿಂದ ಹಿರೋಷಿಮಾ, ನಾಗಸಾಕಿಗಳಲ್ಲಿ ಬದುಕುಳಿದವರನ್ನು ದಶಕಗಳ ಕಾಲ ಪರಿಶೀಲಿಸಿದುದರಿಂದ, ಹೆಚ್ಚಿನ ಪ್ರಮಾಣದ ವಿಕಿರಣ ಕ್ಯಾನ್ಸರನ್ನು ಹೆಚ್ಚಿಸುವುದೆಂಬುದು ಸ್ಥಿರಪಟ್ಟಿತು. ಆ ಸಂಬಂಧವನ್ನು ಸರಳರೇಖೆಯಂತೆ ಶೂನ್ಯದವರೆಗೂ ಎಳೆದು, ಯಾವ ಪ್ರಮಾಣವೂ ಪೂರ್ಣ ನಿರಪಾಯವಲ್ಲವೆಂದು ಎಣಿಸುವುದು ಒಂದು ಪಕ್ಷ. ಜೀವಕೋಶಗಳಿಗೆ ತಮಗಾದ ಹಾನಿಯನ್ನು ಸರಿಪಡಿಸಿಕೊಳ್ಳುವ ಶಕ್ತಿಯಿರುವುದರಿಂದ ಆ ರೇಖೆ ಅಲ್ಪಪ್ರಮಾಣಕ್ಕೆ ಸಲ್ಲದೆಂಬುದು ಇನ್ನೊಂದು ಪಕ್ಷ.

ಪ್ರಮಾಣಗಳು ಎರಡು ಕಡೆಗೂ ಉಂಟು. ಕೇರಳದ ಕರುನಾಗಪಳ್ಳಿಯ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವುದರಿಂದ ಅಲ್ಲಿ ಸಹಜ ವಿಕಿರಣ ಅಧಿಕ. ಆದರೂ ಸುಮಾರು 70,000 ನಿವಾಸಿಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಯಾನ್ಸರ್ ಹೆಚ್ಚಿದುದು ಕಂಡುಬರಲಿಲ್ಲ. ಫ್ರಾನ್ಸ್, ಬ್ರಿಟನ್, ಅಮೆರಿಕಗಳ ಮೂರು ಲಕ್ಷಕ್ಕೂ ಮಿಕ್ಕ ಅಣು ಕಾರ್ಮಿಕರನ್ನು ಕುರಿತ 2023ರ ಅಧ್ಯಯನದಲ್ಲಾದರೋ, ಅಲ್ಪಪ್ರಮಾಣದಲ್ಲಿಯೂ ಕ್ಯಾನ್ಸರ್ ಮರಣ ಹೆಚ್ಚುವ ಲಕ್ಷಣ ತೋರಿತು.

ಇಷ್ಟು ಸಾಮಗ್ರಿಯಿದ್ದೂ ನಿರ್ಣಯ ದೊರೆಯದಿರಲು ಕಾರಣ ಗಣಿತದಲ್ಲಿದೆ. ಕ್ಯಾನ್ಸರ್ ಬೇರೆ ಕಾರಣಗಳಿಂದಲೂ ಬರುವ ಸಾಮಾನ್ಯ ರೋಗ. ವಿಕಿರಣದಿಂದ ಬಂದುದಕ್ಕೆ ಪ್ರತ್ಯೇಕ ಗುರುತಿಲ್ಲ. ವಿಕಿರಣದ ಪ್ರಮಾಣ ಹತ್ತರಲ್ಲೊಂದು ಪಾಲಾದರೆ, ಅದರ ಪರಿಣಾಮವನ್ನು ಕಾಣಲು ಸುಮಾರು ನೂರುಪಟ್ಟು ಜನರನ್ನು ಪರಿಶೀಲಿಸಬೇಕಾಗುತ್ತದೆ.

ಆದಕಾರಣ ಅಂತರರಾಷ್ಟ್ರೀಯ ಶಿಫಾರಸುಗಳು ಸರಳರೇಖೆಯನ್ನೇ ಎಚ್ಚರಿಕೆಯ ನಿಯಮವಾಗಿ ಅಂಗೀಕರಿಸಿ, ಸಾರ್ವಜನಿಕರಿಗೆ ವರ್ಷಕ್ಕೆ 1, ಕಾರ್ಮಿಕರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿಯನ್ನು ವಿಧಿಸಿವೆ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿಗೆ ಟ್ರಿಟಿಯಂ ಬೆರೆತು ಹಲವು ಕಾರ್ಮಿಕರ ದೇಹವನ್ನು ಸೇರಿತು. ಅಂಥವರ ಮುಂದೆ, ಅಪಾಯ ಸಿದ್ಧಪಟ್ಟಿಲ್ಲವೆಂಬುದನ್ನು ಅಪಾಯವಿಲ್ಲವೆಂದು ಹೇಳುವುದು ತಪ್ಪು. ಅತ್ಯಲ್ಪ ಸಂಭವವನ್ನು ಕೋಟಿ ಜನರಿಂದ ಗುಣಿಸಿ ಮರಣಗಳ ಲೆಕ್ಕ ಕೊಡುವುದೂ ತಪ್ಪೇ. ಅಳತೆಗಳನ್ನು ತಪ್ಪದೆ ದಾಖಲಿಸಿ, ಸಂಬಂಧಪಟ್ಟವರಿಗೆ ಮರೆಮಾಚದೆ ತಿಳಿಸುವುದು ಉಭಯಪಕ್ಷಗಳೂ ಒಪ್ಪಬೇಕಾದ ಕರ್ತವ್ಯ.