ಶಿಶುವಿನ ಪದಗ್ರಹಣ: ವೃದ್ಧವ್ಯವಹಾರದ ಪರಿಶೀಲನೆ

ಶಬ್ದಾರ್ಥಸಂಬಂಧದ ಅರಿವು ಮಗುವಿಗೆ ಮೊದಲು ಹೇಗಾಗುವುದೆಂಬ ಪ್ರಶ್ನೆಗೆ ನಮ್ಮ ಮೀಮಾಂಸಕರು ಕೊಟ್ಟ ಉತ್ತರವು ‘ವೃದ್ಧವ್ಯವಹಾರ’ವೆಂಬುದು ವಾಚಕರಿಗೆ ವಿದಿತವಾದುದೇ. ಹಿರಿಯನೊಬ್ಬನು “ಹಸುವನ್ನು ತಾ” ಎನ್ನುವನು, ಇನ್ನೊಬ್ಬನು ತರುವನು, ಪಕ್ಕದಲ್ಲಿರುವ ಬಾಲನು ಅದನ್ನು ಕಾಣುವನು. ಬಳಿಕ “ಕುದುರೆಯನ್ನು ತಾ”, “ಹಸುವನ್ನು ಕಟ್ಟು” ಎಂಬ ಮಾತುಗಳನ್ನು ಕೇಳಿ, ಆವಾಪೋದ್ವಾಪಗಳಿಂದ, ಎಂದರೆ ಒಂದು ಪದವು ಸೇರಿ ಇನ್ನೊಂದು ಬಿಡುವುದನ್ನು ಗಮನಿಸುವುದರಿಂದ, ಒಂದೊಂದರ ಅರ್ಥವನ್ನೂ ಬೇರ್ಪಡಿಸಿಕೊಳ್ಳುವನು. ಮೊದಲು ವಾಕ್ಯ, ಅನಂತರ ಪದ ಎಂಬ ಪ್ರಾಭಾಕರರ ಕ್ರಮಕ್ಕೆ ಕನ್ನಡದ ಮಕ್ಕಳಲ್ಲಿಯೂ ಆಧಾರವುಂಟು. “ತಗೊಂಬಾ” ಎಂಬುದನ್ನು ಅವು ಒಂದೇ ಪದವೆಂಬಂತೆ ನುಡಿಯುವುವು. ಅದರೊಳಗೆ ‘ಕೊಂಡು’ ಅಡಗಿದೆಯೆಂಬ ಅರಿವು ಎಷ್ಟೋ ಕಾಲದ ಮೇಲಿನದು.

ಆದರೆ ದೃಷ್ಟಾಂತದ ಆ ಬಾಲನು ಶಬ್ದಗಳನ್ನು ಆಗಲೇ ಬೇರ್ಪಡಿಸಿ ಕೇಳಬಲ್ಲವನು. ಆ ಸಾಮರ್ಥ್ಯವು ಎಲ್ಲಿಂದ ಬಂದಿತು? ಜ್ಯಾನೆಟ್ ವರ್ಕರ್, ರಿಚರ್ಡ್ ಟೀಸ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಪ್ರಯೋಗವು ಇಲ್ಲಿ ಸ್ಮರಣೀಯ. ಇಂಗ್ಲಿಷ್ ಮನೆಗಳ ಶಿಶುಗಳು ಆರರಿಂದ ಎಂಟು ತಿಂಗಳ ವಯಸ್ಸಿನಲ್ಲಿ ಹಿಂದಿಯ ತಕಾರ ಟಕಾರಗಳ ಭೇದವನ್ನು ಗುರುತಿಸುತ್ತಿದ್ದವು; ವರ್ಷ ತುಂಬುವ ಹೊತ್ತಿಗೆ ಆ ಶಕ್ತಿಯು ಬಹುಮಟ್ಟಿಗೆ ಲುಪ್ತವಾಗಿರುತ್ತಿತ್ತು. ಹಿಂದಿ ಮನೆಗಳ ಶಿಶುಗಳಲ್ಲಿ ಅದು ಉಳಿದಿತ್ತು. ನಮ್ಮ ಮಗುವಿಗೆ ‘ತಾತ’ ಬೇರೆ, ‘ಟಾಟಾ’ ಬೇರೆ ಎಂದು ಕೇಳಿಸುವುದು ಈ ಉಳಿಕೆಯ ಫಲವೇ ಸರಿ. ಉಚ್ಚಾರಣೆಯಲ್ಲಿ ಓಷ್ಠ್ಯಗಳು ಮುಂದು (ಅಮ್ಮ, ಅಪ್ಪ, ಪಾಪ), ರೇಫವು ಬಹಳ ಹಿಂದು. ‘ಮರ’ವು ‘ಮಲ’ವಾದರೆ ನಗುವವರು ನಗಲಿ.

ಇನ್ನೊಂದು ಸಂಗತಿಯು ವೃದ್ಧವ್ಯವಹಾರಕ್ಕೆ ಸಿಕ್ಕದು. ‘ಕೊಟ್ಟೆ’ ಎನ್ನಬೇಕಾದಲ್ಲಿ ಮಗು ‘ಕೊಡಿದೆ’ ಎನ್ನುತ್ತದೆ. ಯಾವ ವೃದ್ಧನೂ ಹಾಗೆಂದವನಲ್ಲ. ‘ಮಾಡಿದೆ’, ‘ಓಡಿದೆ’ಗಳಿಂದ ಅದು ತಾನೇ ಸೂತ್ರವೊಂದನ್ನು ಕಟ್ಟಿಕೊಂಡಿದೆ, ಅಪವಾದಸೂತ್ರವು ಇನ್ನೂ ಬಂದಿಲ್ಲ, ಅಷ್ಟೆ. ಇದನ್ನು ದೋಷವೆಂದು ಗದರಿಸುವುದು ವೈಯಾಕರಣನಿಗೆ ಒಪ್ಪುವ ಕೆಲಸವಲ್ಲ.

ಬೆಂಗಳೂರಿನ ತಿಲಕ್ ನಗರದಂತಹ ಬಡಾವಣೆಯಲ್ಲಿ ವೃದ್ಧರೆಲ್ಲರದೂ ಒಂದೇ ಭಾಷೆಯಲ್ಲ. ಮನೆಯಲ್ಲಿ ದಖನಿಯ ‘ಪಾನಿ’, ನೆರೆಯಲ್ಲಿ ತಮಿಳಿನ ‘ತಣ್ಣಿ’, ಅಂಗಡಿಯಲ್ಲಿ ‘ನೀರು’. ಇದರಿಂದ ಮಾತು ತಡವಾಗುವುದೆಂದು ಹೆದರಿ ಮನೆಮಾತನ್ನೇ ನಿಲ್ಲಿಸುವ ತಾಯ್ತಂದೆಗಳುಂಟು. ಈ ಭಯಕ್ಕೆ ಆಧುನಿಕ ಸಂಶೋಧನೆಯ ಬೆಂಬಲವಿಲ್ಲ. ಒಂದೊಂದು ಭಾಷೆಯಲ್ಲಿ ಪದಗಳು ಕೆಲವು ಕಡಮೆಯಾಗಿ ತೋರಬಹುದು. ಎಲ್ಲವನ್ನೂ ಕೂಡಿಸಿ ಎಣಿಸಿದರೆ ಕೊರತೆ ಕಾಣದು. ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ತಾಯಿ ತೊಡರುತ್ತ ಮಾತನಾಡಿದರೆ ಮಗುವಿಗೆ ದೊರೆಯುವ ವ್ಯವಹಾರವೇ ಬಡವಾಗುವುದು.

ಹೆದರತಕ್ಕುದು ಬೇರೆಯೊಂದಿದೆ. ಕಿವಿ ಕೇಳದ ಶಿಶುವೂ ಮೊದಲ ತಿಂಗಳುಗಳಲ್ಲಿ ದನಿಗೈಯುವುದರಿಂದ ಕೊರತೆಯು ಹೊರಗೆ ತಿಳಿಯದು. ಹತ್ತು ತಿಂಗಳಾದರೂ ‘ಬಬಬ’, ‘ದದದ’ ಎಂಬ ಅಕ್ಷರಾವೃತ್ತಿ ಕೇಳಿಬಾರದಿದ್ದರೆ, ತಡವಾಗಿ ಮಾತು ಕಲಿಯುವ ವಂಶವೆಂದು ಸುಮ್ಮನಿರದೆ ಶ್ರವಣಪರೀಕ್ಷೆಯನ್ನು ಮಾಡಿಸಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನವಜಾತ ಶಿಶುಗಳಿಗೂ ಈ ಪರೀಕ್ಷೆ ನಡೆಯುತ್ತದೆ.