ಸ್ಟೆಪ್ನಿಗೂ ಗಾಳಿ ನೋಡಿಸಿ

ಬಂಕಿನಲ್ಲಿ ನಾಲ್ಕು ಚಕ್ರಕ್ಕೆ ಗಾಳಿ ಹಿಡಿಸಿ ಹೊರಟುಬಿಡುತ್ತೇವೆ. ಡಿಕ್ಕಿಯ ಹಾಸಿನಡಿ ಇರುವ ಸ್ಟೆಪ್ನಿ, ಅಂದರೆ ಹೆಚ್ಚುವರಿ ಚಕ್ರ, ನೆನಪಾಗುವುದು ಪಂಚರ್ ಆದ ಮೇಲೆಯೇ. ಶಿರಾಡಿ ಘಾಟಿಯಲ್ಲಿ ಮಳೆಯ ರಾತ್ರಿ ಅದನ್ನು ಹೊರತೆಗೆದಾಗ ಅದೂ ಮೆತ್ತಗಿದ್ದರೆ, ಜಾಕ್ ಇದ್ದೂ ಉಪಯೋಗವಿಲ್ಲ.

ಬಳಸದೆ ಇಟ್ಟ ಟೈರಿನ ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ನೀವು ಕೇಳಬಹುದು. ರಬ್ಬರಿನ ಮೂಲಕವೇ ಗಾಳಿ ಬಹಳ ನಿಧಾನವಾಗಿ ಹೊರಬರುತ್ತದೆ. ವಾಲ್ವ್ ಮತ್ತು ರಿಮ್ಮಿನ ಅಂಚಿನಲ್ಲೂ ಸ್ವಲ್ಪ ಸೋರುತ್ತದೆ. ಸಾಮಾನ್ಯವಾಗಿ ತಿಂಗಳಿಗೆ 1ರಿಂದ 2 ಪಿಎಸ್‌ಐ ಇಳಿಯುತ್ತದೆ. ಪಿಎಸ್‌ಐ ಎಂದರೆ ಗಾಳಿಯ ಒತ್ತಡದ ಅಳತೆ. ಬಂಕಿನ ಮೀಟರಿನಲ್ಲಿ ಕಾಣುವ ಅಂಕಿ ಅದೇ. 33 ಇದ್ದ ಸ್ಟೆಪ್ನಿಯನ್ನು ಒಂದು ವರ್ಷ ಮುಟ್ಟದಿದ್ದರೆ 20ರ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಬಂದಿರುತ್ತದೆ. ಅಷ್ಟು ಕಡಿಮೆ ಗಾಳಿಯಲ್ಲಿ ಕಾರು ಓಡಿಸಿದರೆ ಟೈರಿನ ಪಕ್ಕಗಳು ಬಾಗಿ ಬಾಗಿ ಬಿಸಿಯಾಗುತ್ತವೆ. ಹೆದ್ದಾರಿಯ ವೇಗದಲ್ಲಿ ಸಿಡಿಯಲೂಬಹುದು.

ಎಷ್ಟು ಗಾಳಿ ಬೇಕು? ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕರ್ ಕಾಣುತ್ತದೆ. ಉಳಿದ ಚಕ್ರಗಳಷ್ಟೇ ಅಳತೆಯ ಸ್ಟೆಪ್ನಿಗೆ ಅಲ್ಲಿರುವ ಅಂಕಿಗಿಂತ 3-4 ಪಿಎಸ್‌ಐ ಹೆಚ್ಚು ಹಿಡಿಸಿಡಿ. ದಾರಿಯಲ್ಲಿ ಹೆಚ್ಚಾದ ಗಾಳಿಯನ್ನು ಬಿಡಬಹುದು, ಕಡಿಮೆ ಇದ್ದರೆ ತುಂಬಲು ಯಾರೂ ಸಿಗುವುದಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿಯನ್ನು ಮಾತ್ರ ದಾಟಬೇಡಿ.

ಕೆಲವು ಕಾರುಗಳಲ್ಲಿ ತೆಳುವಾದ ತಾತ್ಕಾಲಿಕ ಸ್ಟೆಪ್ನಿ ಇರುತ್ತದೆ. ಅದರ ಅಳತೆ ‘ಟಿ’ ಅಕ್ಷರದಿಂದ ಶುರುವಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, ವೇಗ ಗಂಟೆಗೆ 80 ಕಿ.ಮೀ. ಮೀರಬಾರದು. ಇದಕ್ಕೂ 33 ತುಂಬಿಸಿಟ್ಟವರು ಬಹಳ ಮಂದಿ. ಹಾಗೆಂದು ಗಾತ್ರ ಚಿಕ್ಕದಿದ್ದ ಮಾತ್ರಕ್ಕೆ 60 ಎಂದುಕೊಳ್ಳಬೇಡಿ. ಸ್ಟಿಕರಿನಲ್ಲಿರುವುದೇ ಅಂತಿಮ.

ತಿಂಗಳಿಗೊಮ್ಮೆ ನೋಡಿಸಿದರೆ ಒಳ್ಳೆಯದು. ಆಗದಿದ್ದರೆ ದೂರ ಪ್ರಯಾಣದ ಹಿಂದಿನ ದಿನವಾದರೂ ನೋಡಿಸಿ. ಲಗೇಜು ತುಂಬಿದ ಮೇಲೆ ಯಾರೂ ಅದನ್ನು ಇಳಿಸಿ ಸ್ಟೆಪ್ನಿ ತೆಗೆಯುವುದಿಲ್ಲ. ಬಂಕಿನ ಯಂತ್ರದಲ್ಲಿ ಅಂಕಿಯನ್ನು ಮೊದಲೇ ನಿಗದಿ ಮಾಡಿರುತ್ತಾರೆ, ಹಾಗಾಗಿ “ಸ್ಟೆಪ್ನಿಗೆ 36 ಹಾಕಿ” ಎಂದು ಬಾಯಿಬಿಟ್ಟು ಹೇಳಬೇಕು. ತುಂಬಿದ ಮೇಲೆ ವಾಲ್ವಿಗೆ ಒಂದು ಹನಿ ಸೋಪಿನ ನೀರು ಹಾಕಿ. ಗುಳ್ಳೆ ಬಂದರೆ ಒಳಗಿನ ಪಿನ್ ಬದಲಿಸಬೇಕು. ಅದು ಪಂಚರ್ ಅಂಗಡಿಯಲ್ಲಿ ಕ್ಷಣದ ಕೆಲಸ.

ಇನ್ನೋವಾ, ಎರ್ಟಿಗಾದಂಥ ಗಾಡಿಗಳಲ್ಲಿ ಸ್ಟೆಪ್ನಿ ಅಡಿಯಲ್ಲಿ ತೂಗುತ್ತಿರುತ್ತದೆ. ಕೆಸರು ನೀರು ಬಡಿದು ಅದನ್ನು ಇಳಿಸುವ ವ್ಯವಸ್ಥೆಗೆ ತುಕ್ಕು ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಮನೆ ಮುಂದೆಯೇ ಇಳಿಸಿ, ಏರಿಸಿ ನೋಡಿ. ಬೊಲೆರೊ, ಥಾರ್‌ಗಳಲ್ಲಿ ಹಿಂಬಾಗಿಲಿಗೇ ಇರುವುದರಿಂದ ಗಾಳಿ ಹಿಡಿಸುವುದು ಸುಲಭ, ಆದರೆ ಬಿಸಿಲಿಗೆ ರಬ್ಬರ್ ಬಿರುಕು ಬಿಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಗಾಳಿಯ ಒತ್ತಡ ತೋರಿಸುವ ಟಿಪಿಎಂಎಸ್ ಇದೆಯಲ್ಲ ಎನ್ನುತ್ತೀರಾ? ಬಹುತೇಕ ಕಾರುಗಳಲ್ಲಿ ಅದು ಸ್ಟೆಪ್ನಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಖರ್ಚು ಹೆಚ್ಚಿಲ್ಲ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತ, ಪಂಚರ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸುವ 12 ವೋಲ್ಟಿನ ಏರ್ ಪಂಪ್ ಸುಮಾರು 1,500ರಿಂದ 3,000 ರೂಪಾಯಿಗೆ ಬಿಡಿಭಾಗದ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಊರಿಂದೂರಿಗೆ ಓಡಾಡುವವರಿಗೆ ಅದು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಸ್ಟೆಪ್ನಿ ಇಲ್ಲದೆ ಪಂಚರ್ ಕಿಟ್ ಜೊತೆ ಬರುವ ಹೊಸ ಕಾರುಗಳಿಗೆ 2020ರಿಂದ ನಿಯಮದಲ್ಲಿ ಅವಕಾಶವಿದೆ. ಅಂಥ ಕಾರುಗಳಲ್ಲೂ ಪಂಪ್ ಇರುತ್ತದೆ, ಆದರೆ ಟೈರಿನ ಪಕ್ಕ ಸೀಳಿದರೆ ಆ ಕಿಟ್ ಕೆಲಸಕ್ಕೆ ಬಾರದು.

ಟೈರಿನ ವಯಸ್ಸನ್ನೂ ನೋಡಿ. ಪಕ್ಕದಲ್ಲಿ 2319 ಎಂಬಂತೆ ನಾಲ್ಕು ಅಂಕಿ ಇರುತ್ತವೆ: 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಐದು ವರ್ಷ ದಾಟಿದ್ದನ್ನು ವರ್ಷಕ್ಕೊಮ್ಮೆ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ. ಹತ್ತು ವರ್ಷವಾಗಿದ್ದರೆ, ಒಮ್ಮೆಯೂ ರಸ್ತೆ ಕಾಣದ ಟೈರೇ ಆದರೂ, ಬದಲಿಸಿ.