ಕರೆಂಟ್ ಕಂಬದ ಮೇಲಿನ ಇಂಟರ್‌ನೆಟ್: ಯಲಬುರ್ಗಾದ ಮನೆಗೆ ಇನ್ನೆಷ್ಟು ದೂರ?



ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಸಭಾಭವನ, ಶಾಲಾ ಕಟ್ಟಡ, ಗುರುನಿವಾಸ ಏನೇ ಕಟ್ಟಿದರೂ ಕಲ್ಲು ಮಣ್ಣು ಹೊರುವವರಲ್ಲಿ ಹೆಚ್ಚಿನವರು ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಬಾದಾಮಿ ಕಡೆಯಿಂದ ಗುಳೆ ಬಂದವರೆಂಬುದು ನಮಗೆಲ್ಲ ತಿಳಿದ ವಿಷಯ. ಅಂಥ ಒಂದು ಕಾಮಗಾರಿಯ ಸ್ಥಳದಲ್ಲಿ ಯಲಬುರ್ಗಾ ತಾಲೂಕಿನ ತಂದೆಯೊಬ್ಬರು ನನಗೆ ಪರಿಚಯವಾದರು. ಗಂಡ ಹೆಂಡತಿ ಇಬ್ಬರೂ ಇಲ್ಲಿ ದುಡಿಯುತ್ತಾರೆ. ಮಗಳು ಊರಲ್ಲಿ ಅಜ್ಜಿಯ ಜೊತೆ ಇದ್ದು ಹತ್ತನೇ ತರಗತಿ ಓದುತ್ತಾಳೆ. ಭಾನುವಾರ ಸಂಜೆ ತಂದೆತಾಯಿಯ ಮುಖ ನೋಡಿ ಮಾತನಾಡಲು ಅವಳು ಮನೆಯಿಂದ ಹೊರಟು ಪಂಚಾಯಿತಿ ಕಚೇರಿಯ ಕಟ್ಟೆಗೆ ಬರಬೇಕು. ಮನೆಯಲ್ಲಿ ಸಿಗ್ನಲ್ ಇಲ್ಲ. ಅವರು ಕೇಳಿದ್ದು ಹೀಗೆ: "ಫಾದರ್, ನಮ್ಮೂರಾಗ ಕರೆಂಟ್ ಕಂಬದ ಮ್ಯಾಲೆ ಕರಿ ವೈರ್ ಎಳದಾರ, ಇಂಟರ್‌ನೆಟ್ ಅಂತಾರ. ಕರೆಂಟಿನಾಗ ಇಂಟರ್‌ನೆಟ್ ಬರತೈತೇನ್ರಿ? ಬರೂದಾದ್ರ ನಮ್ಮನಿಗೆ ಯಾಕ ಬರವಲ್ದು?"

ಎರಡೂ ಒಳ್ಳೆಯ ಪ್ರಶ್ನೆಗಳು. ಮೊದಲನೆಯದನ್ನು ನಮ್ಮ ವಾರ್ಡಿನ ಗುರಿಕಾರರೊಬ್ಬರೂ ಕೇಳಿದ್ದುಂಟು.

ಆ ಕರಿ ವೈರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದರೊಳಗೆ ಇರುವುದು ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಗಳು, ಅವುಗಳಲ್ಲಿ ಹೋಗುವುದು ಬೆಳಕು. ವಿದ್ಯುತ್ ತಂತಿಗೂ ಅದಕ್ಕೂ ಇರುವ ಸಂಬಂಧ ಒಂದೇ ಕಂಬದಲ್ಲಿ ಬಾಡಿಗೆಗಿರುವ ಎರಡು ಸಂಸಾರಗಳ ಸಂಬಂಧದಂತೆ. ವಿದ್ಯುತ್ ತಂತಿಯ ಒಳಗೇ ಇಂಟರ್‌ನೆಟ್ ಕಳುಹಿಸುವ ಪ್ರಯತ್ನವೂ ನಡೆದಿತ್ತು ಎನ್ನಿ. ಅಮೆರಿಕದ ವರ್ಜೀನಿಯಾ ರಾಜ್ಯದ ಮನಾಸಸ್ ಎಂಬ ಪಟ್ಟಣ 2005ರಲ್ಲಿ ಊರಿಗೆಲ್ಲ ಹೀಗೆ ಸಂಪರ್ಕ ಕೊಟ್ಟು ಹೆಸರು ಮಾಡಿತು. 2010ರಲ್ಲಿ ಅದೇ ಪಟ್ಟಣ ಅದನ್ನು ನಿಲ್ಲಿಸಿತು. ಕಾರಣ ಸರಳ. ಕರೆಂಟ್ ತಂತಿಯನ್ನು ಮಾಡಿರುವುದು ಸೆಕೆಂಡಿಗೆ 50 ಅಥವಾ 60 ಸಲ ತಿರುಗುವ ನಿಧಾನದ ವಿದ್ಯುತ್ತಿಗೆ. ಅದರಲ್ಲಿ ಲಕ್ಷಾಂತರ ಪಟ್ಟು ವೇಗದ ಸಂಕೇತ ಬಿಟ್ಟರೆ ಟ್ರಾನ್ಸ್‌ಫಾರ್ಮರ್ ತಡೆಯುತ್ತದೆ, ಮೋಟಾರು ಮಿಕ್ಸಿಗಳ ಗಲಾಟೆ ಸೇರುತ್ತದೆ, ತಂತಿಯೇ ಆಂಟೆನಾ ಆಗಿ ಸುತ್ತಲಿನ ರೇಡಿಯೋಗಳಿಗೆ ತೊಂದರೆ ಕೊಡುತ್ತದೆ. ಒಂದು ಮನೆಯೊಳಗೆ ಕೋಣೆಯಿಂದ ಕೋಣೆಗೆ ಸಾಗಿಸಲು ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಊರಿಗೆ ಊರನ್ನೇ ಜೋಡಿಸಲು ಅದು ಸಾಲಲಿಲ್ಲ.

ಹಾಗಾದರೆ ಕಂಬ ಏಕೆ ಬೇಕಾಯಿತು? ಫೈಬರ್ ಎಳೆಯುವಾಗ ದುಬಾರಿಯಾಗುವುದು ಗಾಜಲ್ಲ, ದಾರಿ. ಕಿಲೋಮೀಟರ್‌ಗಟ್ಟಲೆ ನೆಲ ಅಗೆಯಬೇಕು, ರಸ್ತೆ ಇಲಾಖೆಯ ಅನುಮತಿ ಬೇಕು, ಹಳ್ಳ ದಾಟಬೇಕು. ಯಲಬುರ್ಗಾದ ಎರೆ ಭೂಮಿಯನ್ನು ಕಂಡವರಿಗೆ ಗೊತ್ತು, ಮಳೆಗೆ ಅದು ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಹೂತ ಕೇಬಲಿಗೆ ಅದು ಸುಖದ ಹಾಸಿಗೆಯಲ್ಲ. ಆದ್ದರಿಂದ ಈಗಾಗಲೇ ಉದ್ದಕ್ಕೆ ದಾರಿ ಮಾಡಿಕೊಂಡವರು ಯಾರಿದ್ದಾರೆಂದು ನೋಡಬೇಕು. ವಿದ್ಯುತ್ತಿನವರಿದ್ದಾರೆ, ರೈಲಿನವರಿದ್ದಾರೆ, ಅನಿಲ ಕೊಳವೆಯವರಿದ್ದಾರೆ.

ದೊಡ್ಡ ವಿದ್ಯುತ್ ಗೋಪುರಗಳ ತುತ್ತತುದಿಯಲ್ಲಿ ಒಂದು ಒಂಟಿ ತಂತಿ ಓಡುವುದನ್ನು ಗಮನಿಸಿದ್ದೀರಾ? ಅದು ಸಿಡಿಲಿನಿಂದ ಕೆಳಗಿನ ತಂತಿಗಳನ್ನು ಕಾಯುವ ಭೂಸಂಪರ್ಕದ ತಂತಿ. ಈಗ ಅನೇಕ ಕಡೆ ಈ ತಂತಿಯ ಹೊಟ್ಟೆಯಲ್ಲೇ ಫೈಬರ್ ಇಡುತ್ತಾರೆ. ಒಂದು ಉಪಕೇಂದ್ರ ಇನ್ನೊಂದರ ಜೊತೆ ಮಾತನಾಡಲು ಅದು ವಿದ್ಯುತ್ತಿನವರಿಗೇ ಬೇಕು. ಮಿಕ್ಕ ಎಳೆಗಳನ್ನು ಬೇರೆಯವರಿಗೆ ಬಾಡಿಗೆಗೆ ಕೊಡಬಹುದು. ಕೇಂದ್ರದ ಪವರ್ ಗ್ರಿಡ್ ಸಂಸ್ಥೆ ಹೀಗೆಯೇ ದೂರಸಂಪರ್ಕದ ವ್ಯವಹಾರಕ್ಕೆ ಇಳಿಯಿತು. ಬೀದಿಯ ಸಣ್ಣ ಕಂಬಗಳಿಗಾದರೆ ಲೋಹವೇ ಇಲ್ಲದ, ತನ್ನ ಭಾರವನ್ನು ತಾನೇ ತಡೆದುಕೊಳ್ಳುವ ಬೇರೆ ಬಗೆಯ ಫೈಬರ್ ಕೇಬಲ್ ಇದೆ.

ರೈಲ್ವೆ ಸಿಗ್ನಲ್ ಮತ್ತು ದೂರವಾಣಿಗಾಗಿ ಹಳಿಯ ಪಕ್ಕದಲ್ಲಿ ಹೂಳುವ ಫೈಬರನ್ನು ಜನರ ಉಪಯೋಗಕ್ಕೂ ತರಲು 2000ದಲ್ಲಿ ರೈಲ್‌ಟೆಲ್ ಸ್ಥಾಪನೆಯಾಯಿತು. ಈಗ ಅದರ ಜಾಲ 60 ಸಾವಿರ ಕಿಲೋಮೀಟರಿಗೂ ಹೆಚ್ಚು. ಸ್ಥಳೀಯ ಕೇಬಲ್ ಆಪರೇಟರುಗಳ ಮೂಲಕ ರೈಲ್‌ವೈರ್ ಹೆಸರಿನಲ್ಲಿ ಮನೆಗಳಿಗೂ ಸಂಪರ್ಕ ಕೊಡುತ್ತದೆ. ಅನಿಲ ಸಾಗಿಸುವ ಗೇಲ್ ಸಂಸ್ಥೆಗೂ ಕೊಳವೆಯ ಜೊತೆಗೆ ಫೈಬರ್ ಇದೆ. (2007ರ ಏಪ್ರಿಲ್ 1ರಂದು ಗೂಗಲ್, ಶೌಚಾಲಯದ ಕೊಳವೆಯ ಮೂಲಕ ಉಚಿತ ಇಂಟರ್‌ನೆಟ್ ಎಂದು ಪ್ರಕಟಿಸಿ ಜಗತ್ತನ್ನು ನಗಿಸಿತ್ತು. ಆದರೆ ಚರಂಡಿ ಸುರಂಗದಲ್ಲಿ ಸಂಪರ್ಕ ಕೇಬಲ್ ಹಾಕುವುದು ಪ್ಯಾರಿಸ್ ನಗರದಲ್ಲಿ ಹಳೆಯ ರೂಢಿ!)

ಇದನ್ನು ನಮ್ಮ ಕಣ್ಣೆದುರಿಗೇ ಮಾಡಿ ತೋರಿಸಿದ್ದು ಕೇರಳ. ಮಂಜೇಶ್ವರ, ಕಯ್ಯಾರ್, ಬೇಳದ ಧರ್ಮಕೇಂದ್ರಗಳ ಓದುಗರಿಗೆ ಕೆ-ಫೋನ್ ಹೆಸರು ಹೊಸತಲ್ಲ. ರಾಜ್ಯದ ವಿದ್ಯುತ್ ಮಂಡಳಿ ಮತ್ತು ಸರ್ಕಾರದ ಐ.ಟಿ. ಮೂಲಸೌಕರ್ಯ ಸಂಸ್ಥೆ ಜೊತೆಗೂಡಿ ಕಟ್ಟಿದ ಈ ಜಾಲ ಸುಮಾರು 30 ಸಾವಿರ ಕಿಲೋಮೀಟರ್ ಉದ್ದಕ್ಕೆ ಯೋಜಿತವಾಗಿದ್ದು, ಬಹುಪಾಲು ಮಂಡಳಿಯ ಗೋಪುರ, ಕಂಬಗಳ ಮೇಲೆಯೇ ಸಾಗುತ್ತದೆ. 2023ರ ಜೂನ್ 5ರಂದು ಉದ್ಘಾಟನೆಯಾಯಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಎಂಬುದು ಗುರಿ. ಮೊದಲ ಹಂತಕ್ಕೆ ಆರಿಸಿದ್ದು ಪ್ರತಿ ವಿಧಾನಸಭಾ ಕ್ಷೇತ್ರದಿಂದ 100ರಂತೆ 14,000 ಮನೆಗಳನ್ನು ಮಾತ್ರ. ಬಳ್ಳಾರಿಯ ಆಚೆ ಆಂಧ್ರಪ್ರದೇಶವೂ ಇದೇ ದಾರಿ ಹಿಡಿಯಿತು. ವಿದ್ಯುತ್ ಕಂಬಗಳ ಮೇಲೆ ಫೈಬರ್ ಎಳೆದು 2017ರ ಡಿಸೆಂಬರಿನಲ್ಲಿ ತಿಂಗಳಿಗೆ 149 ರೂಪಾಯಿಗೆ ಇಂಟರ್‌ನೆಟ್, ದೂರವಾಣಿ, ಟಿ.ವಿ. ಮೂರನ್ನೂ ಕೊಡುವ ಯೋಜನೆ ಆರಂಭಿಸಿತು. ಅಗೆಯುತ್ತಾ ಹೋಗಿದ್ದರೆ ಅಷ್ಟು ಬೇಗ ಆಗುವ ಕೆಲಸವಲ್ಲ ಅದು.

ಈಗ ಆ ತಂದೆಯ ಎರಡನೆಯ ಪ್ರಶ್ನೆ. ಅವರ ಮನೆಗೆ ಯಾಕೆ ಬರಲಿಲ್ಲ?

ಯಲಬುರ್ಗಾದ ಸುತ್ತ ದಾರಿಗಳಿಗೆ ಬರಗಾಲವಿಲ್ಲ. ಯಲಬುರ್ಗಾ, ಕುಕನೂರು ಭಾಗದ ಬಯಲಿನಲ್ಲಿ ಗಾಳಿಯಂತ್ರಗಳು ನಿಂತಿವೆ, ಅವುಗಳ ವಿದ್ಯುತ್ ಒಯ್ಯುವ ಗೋಪುರಗಳಿವೆ. ಗದಗ-ವಾಡಿ ಹೊಸ ರೈಲು ಮಾರ್ಗದಲ್ಲಿ ತಳಕಲ್ಲಿನಿಂದ ಕುಕನೂರು, ಯಲಬುರ್ಗಾ ಮೂಲಕ ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ ಪ್ರಯಾಣಿಕರ ರೈಲು ಬಂತು. ಜೆಸ್ಕಾಂ ಕಂಬಗಳಂತೂ ಪ್ರತಿ ಓಣಿಗೂ ಇವೆ. ಇದರ ಮೇಲೆ ಕೇಂದ್ರದ ಭಾರತ್‌ನೆಟ್ ಬೇರೆ. 2011ರ ಅಕ್ಟೋಬರಿನಲ್ಲಿ ಬೇರೆ ಹೆಸರಿನಿಂದ ಮಂಜೂರಾದ ಈ ಯೋಜನೆ ಮೊದಲ ಹಂತದಲ್ಲಿ ಬಿ.ಎಸ್.ಎನ್.ಎಲ್., ರೈಲ್‌ಟೆಲ್, ಪವರ್ ಗ್ರಿಡ್ ಈ ಮೂವರ ಹಳೆಯ ಫೈಬರಿಗೆ ಹೊಸ ತುಂಡು ಜೋಡಿಸಿ ಗ್ರಾಮ ಪಂಚಾಯಿತಿ ಮುಟ್ಟುವಂತೆ ರೂಪಿಸಿದ್ದು.

ಪಂಚಾಯಿತಿ ಮುಟ್ಟುವಂತೆ ಎಂದೆ. ಕಷ್ಟ ಅಲ್ಲಿಯೇ. ಪಂಚಾಯಿತಿಯಿಂದ ಮನೆಗಿರುವ ಅರ್ಧ, ಒಂದು ಕಿಲೋಮೀಟರ್ ಯಾರದು ಎಂಬುದು ಬಹುಕಾಲ ಯಾರ ಪಟ್ಟಿಯಲ್ಲೂ ಇರಲಿಲ್ಲ. ಅಲ್ಲದೆ ಮೊದಲ ಹಂತದ ಫೈಬರ್ ತಾಲೂಕು ಕೇಂದ್ರದಿಂದ ಒಂದೇ ಗೆರೆಯಾಗಿ ಹೋಗುತ್ತಿತ್ತು. ರಸ್ತೆ ಅಗಲ ಮಾಡುವ ಜೆ.ಸಿ.ಬಿ. ಒಂದು ಕಡೆ ಕಡಿದರೆ ಆಚೆಗಿನ ಪಂಚಾಯಿತಿಗಳೆಲ್ಲ ಮೌನ. ಹಾಕಲು ಹಣವಿತ್ತು, ದಿನದಿನ ನೋಡಿಕೊಳ್ಳುವವರಿರಲಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ "ಸರ್ವರ್ ಇಲ್ಲ" ಎಂಬ ಮಾತು ಕೇಳಿ ಅಕ್ಕಿಯಿಲ್ಲದೆ ಹಿಂದಿರುಗಿದ ಮುದುಕಿಯರಿಗೆ ಇದರ ಅರ್ಥವನ್ನು ನಾವು ವಿವರಿಸಬೇಕಾಗಿಲ್ಲ.

2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಗಳ ತಿದ್ದುಪಡಿ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಾಗ ಈ ತಪ್ಪುಗಳನ್ನೇ ತಿದ್ದಲು ಹೊರಟಿತು. ಗೆರೆಯ ಬದಲು ಉಂಗುರ, ಅಂದರೆ ಒಂದು ಕಡೆ ಕಡಿದರೆ ಬೆಳಕು ಇನ್ನೊಂದು ಸುತ್ತಿನಿಂದ ಬರುತ್ತದೆ. ಹಾಕಿದವರೇ 10 ವರ್ಷ ನಿರ್ವಹಿಸಬೇಕು. ಐದು ವರ್ಷಗಳಲ್ಲಿ ಒಂದೂವರೆ ಕೋಟಿ ಗ್ರಾಮೀಣ ಮನೆಗಳಿಗೆ ಫೈಬರ್, ಅದೂ ಊರಿನ ಯುವಕರನ್ನು ಪಾಲುದಾರರನ್ನಾಗಿ ಮಾಡಿಕೊಂಡು. ನನ್ನ ಅಭಿಪ್ರಾಯದಲ್ಲಿ ಈ ಕೊನೆಯ ಅಂಶವೇ ಎಲ್ಲಕ್ಕಿಂತ ಮುಖ್ಯ. ಕಡಿದ ತಂತಿಯನ್ನು ಅದೇ ಸಂಜೆ ಜೋಡಿಸುವವನು ಊರಿನಲ್ಲೇ ಇರುವ ಹುಡುಗ, ಬೆಂಗಳೂರಿನ ಗುತ್ತಿಗೆದಾರನಲ್ಲ.

ಕೊಪ್ಪಳ ಜಿಲ್ಲೆ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಆ ಕಡೆ ಸೇವೆಯಲ್ಲಿರುವ ಗುರುಗಳು, ಧರ್ಮಭಗಿನಿಯರು, ಸಮಾಜಸೇವಾ ಕಾರ್ಯಕರ್ತರು ಈ ಬರಹವನ್ನು ಓದಿದರೆ ಒಂದು ವಿನಂತಿ. ಒಂದು ಮನೆಯವರು ಕೇಳಿದರೆ ತಂತಿ ಎಳೆಯಲು ಪಾಲುದಾರನಿಗೆ ಗಿಟ್ಟುವುದಿಲ್ಲ. ಒಂದು ಓಣಿಯ ಹತ್ತು ಹದಿನೈದು ಮನೆಯವರು ಒಟ್ಟಾಗಿ ಬಿ.ಎಸ್.ಎನ್.ಎಲ್. ಕಚೇರಿಗೋ ಕೇಬಲ್ ಆಪರೇಟರಿಗೋ ಅರ್ಜಿ ಕೊಟ್ಟರೆ ಮಾತೇ ಬೇರೆ. ಗ್ರಾಮಸಭೆಯಲ್ಲೂ ಕೇಳಿ, ಅರಿವು ಕೇಂದ್ರದ ಸಂಪರ್ಕ ನಡೆಯುತ್ತಿದೆಯೇ ಎಂದು. 2002ರಲ್ಲಿ ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಪರಿಷತ್ತು ಅಂತರ್ಜಾಲದ ಬಗ್ಗೆ ಹೊರಡಿಸಿದ ದಾಖಲೆಗಳು, ಸಂಪರ್ಕ ಉಳ್ಳವರ ಮತ್ತು ಇಲ್ಲದವರ ನಡುವಿನ ಕಂದಕವನ್ನು ನ್ಯಾಯದ ಪ್ರಶ್ನೆಯಾಗಿಯೇ ಎತ್ತಿದ್ದವು.

ಎಚ್ಚರಿಕೆಯ ಎರಡು ಮಾತು. ಕಂಬದಿಂದ ಬಿದ್ದ ಯಾವ ತಂತಿಯನ್ನೂ "ಇದು ಇಂಟರ್‌ನೆಟ್ಟಿನದು" ಎಂದು ಮುಟ್ಟಬೇಡಿ. ಎಷ್ಟೋ ಕೇಬಲುಗಳಿಗೆ ಉಕ್ಕಿನ ಆಸರೆ ತಂತಿ ಇರುತ್ತದೆ, ಅದು ಮೇಲಿನ ಕರೆಂಟಿಗೆ ತಗುಲಿರಬಹುದು. 1912ಕ್ಕೆ ಫೋನ್ ಮಾಡಿ. ಇನ್ನು ಮನೆಯಲ್ಲಿಡುವ ಪೆಟ್ಟಿಗೆಗೆ ಕರೆಂಟ್ ಬೇಕೇ ಬೇಕು. ಕರೆಂಟ್ ಹೋದರೆ ಫೈಬರ್ ಇದ್ದೂ ಇಲ್ಲದಂತೆ. ಅದಕ್ಕೆಂದೇ ಸಿಗುವ ಚಿಕ್ಕ ಬ್ಯಾಟರಿ ಒಂದು ಇಟ್ಟುಕೊಂಡರೆ ಪರೀಕ್ಷೆಯ ಕಾಲದಲ್ಲಿ ಒಳ್ಳೆಯದು.

ಇಷ್ಟನ್ನೂ ಆ ತಂದೆಗೆ ಹೇಳಿದೆ. ಅವರು ಕೇಳಿದ್ದು ಒಂದೇ: ತಾನು ಇಲ್ಲಿ, ಮನೆ ಅಲ್ಲಿ, ಅರ್ಜಿ ಯಾರ ಹೆಸರಿನಲ್ಲಿ? ಅಜ್ಜಿಯ ಹೆಸರಿನಲ್ಲಿ ಕೊಡಬಹುದು, ಅವರ ಗುರುತಿನ ಚೀಟಿ ಸಾಕು ಎಂದೆ. ಮುಂದಿನ ಅಮಾವಾಸ್ಯೆಗೆ ಊರಿಗೆ ಹೋದಾಗ ಓಣಿಯವರನ್ನು ಕೂಡಿಸಿ ಕೇಳುತ್ತೇನೆಂದು ಹೇಳಿ ಮತ್ತೆ ಬಾಣಲಿ ಎತ್ತಿಕೊಂಡರು.